ಮೊದಲು ನೆರಳು

ಬೆನ್ನ ಹಿಂದೆ ಎಲ್ಲರೂ ನನ್ನನ್ನು ಸ್ಪಂಜು ಮೇಷ್ಟ್ರು ಅನ್ನುತ್ತಾರೆಂದು ನನಗೆ ಗೊತ್ತಿತ್ತು. ಅನ್ನಲಿ ಬಿಡಿ ಎಂದುಕೊಂಡಿದ್ದೆ. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ, ನನಗೆ ಅಷ್ಟು ಸಾಕಾಗಿತ್ತು.

ಭಾನುವಾರ ಬೆಳಗ್ಗೆ ಜನರನ್ನು ಊರ ಹೊರಗೆ ಕರೆದುಕೊಂಡು ಹೋಗಿ, ಬಯಲಲ್ಲಿ ಕೂರಿಸಿ, ಕಣ್ಣೆದುರಿಗೆ ಕಾಣುವುದನ್ನು ನೀರಿನ ಬಣ್ಣದಲ್ಲಿ ಬರೆಯುವುದನ್ನು ಕಲಿಸುತ್ತೇನೆ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಈಗ ಅದನ್ನು ಯಂತ್ರ ಮಾಡುತ್ತದೆ, ಅದೂ ತಪ್ಪು ಅಕ್ಷರದಲ್ಲಿ. ಹಾಗಾಗಿ ವಾರದ ಉಳಿದ ದಿನ ಗೇಟು, ಕಿಟಕಿ ಸರಳು, ನೀರಿನ ಟ್ಯಾಂಕು, ಯಾವುದಕ್ಕೆ ಬಳಿ ಎಂದರೆ ಅದಕ್ಕೆ ಬಳಿಯುತ್ತೇನೆ. ಅಕ್ಕನ ಹೊಲಿಗೆ ಅಂಗಡಿಯ ಹಿಂದಿನ ಕೋಣೆ ನನ್ನದು. ಗೋಡೆಯ ಆಚೆ ಅವಳ ಮಿಷನ್ನಿನ ಸದ್ದು, ಈಚೆ ನಾನು. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಅಕ್ಕನೇ ಮುಂದಾಗಿ ಉತ್ತರ ಕೊಡುತ್ತಾಳೆ: "ಅವನಿಗೆ ಮದುವೆ ಆಗಿದೆಯಲ್ಲ, ಜಗಳದ ಜೊತೆ. ಸಂಸಾರ ಚೆನ್ನಾಗೇ ನಡೀತಿದೆ."

ಬಯಲಲ್ಲಿ ಕೂತು ಬರೆಯುವುದು ಕೋಣೆಯಲ್ಲಿ ಕೂತು ಬರೆದ ಹಾಗಲ್ಲ. ಸೂರ್ಯ ನಿಮಗಾಗಿ ನಿಲ್ಲುವುದಿಲ್ಲ. ನೀವು ಮರದ ಕಾಂಡ ಬರೆದು ಮುಗಿಸುವಷ್ಟರಲ್ಲಿ ಅದರ ನೆರಳು ಜಾಗ ಬದಲಿಸಿರುತ್ತದೆ. ಹೊಸಬರು ಮಾಡುವ ತಪ್ಪು ಒಂದೇ: ಸರಿದ ಹಾಗೆಲ್ಲ ನೆರಳನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಕೊನೆಗೆ ಚಿತ್ರದಲ್ಲಿ ಮನೆಗೆ ಏಳು ಗಂಟೆ, ಮರಕ್ಕೆ ಒಂಬತ್ತು ಗಂಟೆ. ಆದ್ದರಿಂದ ಕೂತ ಕೂಡಲೇ ಸುಮ್ಮನೆ ನೋಡಬೇಕು, ಆಮೇಲೆ ಮೊದಲು ನೆರಳು ಗುರುತು ಮಾಡಿಕೊಳ್ಳಬೇಕು. ಮಾಡಿಕೊಂಡ ಮೇಲೆ ಆಕಾಶವೇ ಕಳಚಿ ಬಿದ್ದರೂ ಅದನ್ನು ಬದಲಿಸಬಾರದು. ಇದು ನನ್ನ ಮೊದಲ ಮಾತು. ಇನ್ನೊಂದು ಮಾತು, ಚಿತ್ರದಲ್ಲಿ ಮನುಷ್ಯರು ಬೇಡ. ಮನುಷ್ಯ ಒಂದು ಕಡೆ ನಿಲ್ಲುವ ಪ್ರಾಣಿಯಲ್ಲ. ಅರ್ಧ ಬರೆಯುವಾಗ ಎದ್ದು ಹೋಗುತ್ತಾನೆ, ಉಳಿದ ಅರ್ಧವನ್ನು ನೀವು ಊಹಿಸಿ ಬರೆಯುತ್ತೀರಿ. ಊಹೆ ನನ್ನ ಹತ್ತಿರ ನಡೆಯುವುದಿಲ್ಲ. ಕಂಡದ್ದನ್ನು ಬರಿ, ಕಾಣದ್ದನ್ನು ಬಿಡು.

ಇನ್ನು ಸ್ಪಂಜಿನ ವಿಷಯ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಸ್ಲೇಟಿನ ಮೇಲೆ. ಅಕ್ಷರ ಸೊಟ್ಟಗಾದರೆ ನಮ್ಮ ಮೇಷ್ಟ್ರು ಒದ್ದೆ ಅಂಗೈಯಿಂದ ಇಡೀ ಸ್ಲೇಟನ್ನು ಒರೆಸಿ "ಮತ್ತೆ ಬರಿ" ಅನ್ನುತ್ತಿದ್ದರು. ಅತ್ತೆವು, ಮತ್ತೆ ಬರೆದೆವು, ಅಕ್ಷರ ದುಂಡಗಾಯಿತು. ನನ್ನ ಬೋರ್ಡಿನ ಅಕ್ಷರ ನೋಡಿ ಗಿರಾಕಿಗಳು ದೂರದಿಂದ ಬರುತ್ತಿದ್ದದ್ದು ಆ ಅಂಗೈಯಿಂದ. ನೀರಿನ ಬಣ್ಣವೂ ಹಸಿಯಾಗಿದ್ದಾಗ ಸ್ಪಂಜಿನಿಂದ ಒತ್ತಿದರೆ ಎದ್ದು ಬರುತ್ತದೆ. ತಪ್ಪು ಕಂಡಲ್ಲಿ ನಾನು ಒತ್ತುತ್ತೇನೆ. ಕಲಿಸುವುದಕ್ಕೆ ನನಗೆ ಗೊತ್ತಿದ್ದದ್ದು ಅದೊಂದೇ ದಾರಿ.

ನನ್ನ ಕ್ಲಾಸಿನಲ್ಲಿ ಆಗ ಏಳೆಂಟು ಜನ ಇದ್ದರು. ಅವರಲ್ಲಿ ಇಬ್ಬರ ವಿಷಯ ಹೇಳಿದರೆ ಸಾಕು. ಒಬ್ಬರು ಬಸ್ಸು ಓಡಿಸಿ ನಿವೃತ್ತರಾದ ಡ್ರೈವರು, ನನಗಿಂತ ಹಿರಿಯರು. ಎಲ್ಲಿ ಕೂರಿಸಿದರೂ ಅವರ ಚಿತ್ರದ ನಡುವೆ ಒಂದು ರಸ್ತೆ ಬರುತ್ತಿತ್ತು.

"ರಸ್ತೆ ಬಿಟ್ಟು ಬೇರೇನೂ ಬರಲ್ವಾ ಡ್ರೈವರಣ್ಣ?" ಎಂದು ಒಮ್ಮೆ ರೇಗಿದ್ದೆ.

"ರಸ್ತೆ ಬಿಟ್ರೆ ಅಪಘಾತ ಆಗುತ್ತೆ ಮೇಷ್ಟ್ರೇ," ಅಂದಿದ್ದರು, ತಲೆಯೆತ್ತದೆ.

ಇನ್ನೊಬ್ಬಳು ದೊಡ್ಡಾಸ್ಪತ್ರೆಯ ನರ್ಸು. ನಲವತ್ತು ದಾಟಿದವಳು, ಮಾತು ಕಡಿಮೆ. ರಾತ್ರಿಪಾಳಿ ಮುಗಿಸಿ ನೇರವಾಗಿ ಬಯಲಿಗೆ ಬರುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಸಲ ನನ್ನ ಸ್ಪಂಜು ಬಿದ್ದದ್ದು ಅವಳ ಕಾಗದದ ಮೇಲೆ, ಯಾಕೆಂದರೆ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವಳು ಅವಳೇ. ಬರದವರನ್ನು ತಿದ್ದಿ ಏನು ಪ್ರಯೋಜನ? ಒಂದು ದಿನವೂ ಎದುರು ಮಾತಾಡಿರಲಿಲ್ಲ. ಒರೆಸಿದ ಜಾಗ ಒಣಗುವವರೆಗೆ ಕಾದು ಮತ್ತೆ ಬರೆಯುತ್ತಿದ್ದಳು.

ಯಾವ ವಾರ ಎಲ್ಲಿಗೆ ಎಂದು ನಿರ್ಧರಿಸುವವನು ನಾನು. ಯಾರೂ ಸಲಹೆ ಕೊಡುತ್ತಿರಲಿಲ್ಲ. ಆದರೆ ಆ ಸಲ ಅವಳು ಬಾಯಿ ಬಿಟ್ಟಳು.

"ಮೇಷ್ಟ್ರೇ, ಮುಂದಿನ ವಾರ ಗಿರಣಿ ಸಾಲುಮನೆ ಕಡೆ ಹೋಗೋಣ್ವಾ? ಅದನ್ನ ಕೆಡವ್ತಾರಂತೆ."

ಕಾಲುವೆಯ ಪಕ್ಕದಲ್ಲಿ ಬಟ್ಟೆ ಗಿರಣಿಯ ಕೆಲಸಗಾರರಿಗೆಂದು ಕಟ್ಟಿದ ಒಂದು ಸಾಲು ಮನೆಗಳಿದ್ದವು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಮನೆಗಳೂ ಖಾಲಿಯಾಗಿದ್ದವು. ಒಂದೇ ಗೋಡೆ, ಒಂದೇ ಹಂಚಿನ ಮಾಡು, ಒಂದೇ ತರಹದ ಬಾಗಿಲುಗಳು. ಬೆಳಗಿನ ಬಿಸಿಲು ಎದುರು ಕೂತವರ ಎಡಭುಜದ ಹಿಂದಿನಿಂದ ಬೀಳುವಾಗ ಮಾಡಿನ ಅಂಚಿನ ನೆರಳು ಗೋಡೆಯ ಮೇಲೆ ಓರೆಯಾಗಿ ಇಳಿಯುತ್ತದೆ. ನನಗೂ ಆ ಜಾಗ ಇಷ್ಟವೇ. ಆಗಲಿ ಅಂದೆ. ಯಾವತ್ತೂ ಕೇಳದವಳು ಇವತ್ತು ಯಾಕೆ ಕೇಳಿದಳು ಎಂದು ನಾನು ಯೋಚಿಸಲಿಲ್ಲ. ಅಷ್ಟು ಯೋಚಿಸುವ ಜಾತಿ ನನ್ನದಲ್ಲ.

ಆ ಭಾನುವಾರ ಎಲ್ಲರನ್ನೂ ದೂರ ದೂರ ಕೂರಿಸಿದೆ. ಹತ್ತಿರ ಕೂತರೆ ಹರಟುತ್ತಾರೆ, ಪಕ್ಕದವರ ಬಣ್ಣ ನೋಡಿ ತಮ್ಮದು ಕೆಡಿಸಿಕೊಳ್ಳುತ್ತಾರೆ. ನರ್ಸು ಮೂರನೆಯ ಬಾಗಿಲಿನ ಎದುರು ಕೂತಳು. ಡ್ರೈವರು ಕಾಲುವೆ ದಂಡೆಯ ಹಾದಿಯನ್ನು ಹುಡುಕಿಕೊಂಡು ಅದಕ್ಕೆ ಮುಖ ಮಾಡಿದರು. ನಾನು ಒಬ್ಬರಿಂದ ಒಬ್ಬರ ಬಳಿಗೆ ನಡೆದೆ. ಒಬ್ಬನ ಆಕಾಶ ಒರೆಸಿದೆ, ಇನ್ನೊಬ್ಬಳ ಗೋಡೆಗೆ ಅಷ್ಟು ಹಳದಿ ಎಲ್ಲಿಂದ ಬಂತು ಎಂದು ಬೈದೆ. ನರ್ಸಿನ ಹಿಂದೆ ಬಂದು ನಿಂತಾಗ ಬಿಸಿಲು ಏರಿತ್ತು.

ಚಿತ್ರ ಚೆನ್ನಾಗಿತ್ತು. ಸುಮ್ಮನೆ ಹೇಳುತ್ತಿಲ್ಲ. ಉದುರಿದ ಗಾರೆಯ ಕೆಳಗಿನ ಇಟ್ಟಿಗೆಗೆ ಅವಳು ಹಾಕಿದ ಕೆಂಪು ನನಗೇ ಬರುತ್ತಿರಲಿಲ್ಲ. ನೆರಳು ಒಂದೇ ಹೊತ್ತಿನದು, ಎಲ್ಲೂ ಕದಲಿಲ್ಲ. ಮೂರನೆಯ ಬಾಗಿಲಿನ ಒಳಗಿನ ಕತ್ತಲೆಯನ್ನು ಒಂದೇ ಬೀಸಿಗೆ ಹಾಕಿದ್ದಳು. ಆ ಕತ್ತಲೆಯ ಅಂಚಿನಲ್ಲಿ, ಚೌಕಟ್ಟಿಗೆ ಒರಗಿದ ಹಾಗೆ, ಒಂದು ಮನುಷ್ಯಾಕೃತಿ. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಇಷ್ಟು ಚೆನ್ನಾಗಿ ಬರೆದವಳು ಇದನ್ನು ಯಾಕೆ ತುರುಕಿದಳು ಎಂದು ನನಗೆ ಮೈ ಉರಿಯಿತು.

"ಏನಮ್ಮಾ ಇದು?"

"ಬಾಗಿಲು ಮೇಷ್ಟ್ರೇ."

"ಬಾಗಿಲು ನನಗೂ ಕಾಣುತ್ತೆ. ಬಾಗಿಲಲ್ಲಿ ನಿಂತಿರೋದು ಏನು?"

ಅವಳು ಬ್ರಷ್ಷನ್ನು ನೀರಿನ ಡಬ್ಬಿಗೆ ಇಳಿಸಿದಳು.

"ಅಲ್ಲಿ ಯಾರಾದ್ರೂ ಇದ್ದಾರಾ? ನೋಡಿ ಹೇಳು. ಇದ್ದಾರಾ?"

ಅವಳು ನೋಡಿದಳು. ನಾನು ಹೇಳಿದೆನೆಂದು ನಿಜವಾಗಿಯೂ ತಲೆಯೆತ್ತಿ ಆ ಬಾಗಿಲನ್ನು ನೋಡಿದಳು, ಒಳ್ಳೆ ಮಗುವಿನ ಹಾಗೆ. "ಇಲ್ಲ," ಅಂದಳು.

"ಇಲ್ಲದವರನ್ನ ಬರೀಬೇಡ ಅಂತ ನಾನು ಎಷ್ಟು ಸಲ ಬಡ್ಕೋಬೇಕು?"

ಜೇಬಿನಿಂದ ಸ್ಪಂಜು ತೆಗೆದು, ಅವಳದೇ ಡಬ್ಬಿಯ ನೀರಿನಲ್ಲಿ ಅದ್ದಿ, ಹಿಂಡಿ, ಒತ್ತಿ ಎತ್ತಿದೆ. ಬಣ್ಣ ಇನ್ನೂ ಹಸಿ ಇತ್ತು, ಒಂದೇ ಒತ್ತಿಗೆ ಬಂತು. ನನ್ನ ಸ್ಪಂಜಿನ ಮೇಲೆ ಒಂದು ಕಂದು ಕಲೆ, ಅವಳ ಬಾಗಿಲಿನಲ್ಲಿ ಒಂದು ಮಾಸಲು ಬೆಳಕು.

"ಒಣಗಲಿ. ಮತ್ತೆ ಕತ್ತಲೆ ತುಂಬು," ಎಂದು ಮುಂದೆ ನಡೆದೆ.

ತಿರುಗಿ ನೋಡಿದಾಗ ಅವಳು ಬ್ರಷ್ಷುಗಳನ್ನು ತೊಳೆಯುತ್ತಿದ್ದಳು. ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ತುದಿ ಸರಿಮಾಡಿ, ಪೆಟ್ಟಿಗೆಯಲ್ಲಿಟ್ಟಳು. ಸ್ಟೂಲು ಮಡಚಿ ಕಂಕುಳಿಗೆ ಸಿಕ್ಕಿಸಿ ದಂಡೆಯ ಹಾದಿ ಹಿಡಿದು ಹೊರಟಳು. ಕಾಗದ ಅಂಟಿಸಿದ ಹಲಗೆ ನನ್ನದು, ಅದನ್ನು ಅಲ್ಲೇ ಕಲ್ಲಿಗೆ ಒರಗಿಸಿದ್ದಳು. ರಾತ್ರಿಪಾಳಿಯ ನಿದ್ದೆ ಎಳೆಯಿತೇನೋ ಎಂದುಕೊಂಡೆ.

ಕ್ಲಾಸು ಮುಗಿದ ಮೇಲೆ ಎಲ್ಲರ ಚಿತ್ರಗಳನ್ನೂ ಗೋಡೆಗೆ ಒರಗಿಸಿಟ್ಟು, ಡ್ರೈವರು ತರುವ ಫ್ಲಾಸ್ಕಿನ ಚಹಾ ಕುಡಿಯುವುದು ನಮ್ಮ ರೂಢಿ. ಆ ದಿನ ಯಾರೂ ಫ್ಲಾಸ್ಕಿನ ಮುಚ್ಚಳ ತೆಗೆಯಲಿಲ್ಲ. ಒಬ್ಬೊಬ್ಬರೇ "ಬರ್ತೀವಿ ಮೇಷ್ಟ್ರೇ" ಎಂದು ನನ್ನ ಮುಖ ನೋಡದೆ ಹೊರಟರು. ನಾನು ಹಲಗೆಗಳನ್ನು ಕಟ್ಟಿಕೊಂಡು ಮನೆಗೆ ಬಂದೆ.

ಮುಂದಿನ ಭಾನುವಾರ ಕಾಲುವೆಯ ಸೇತುವೆಯ ಮೇಲೆ, ಯಾವಾಗಲೂ ಸೇರುವ ಜಾಗದಲ್ಲಿ, ಕಾದು ನಿಂತೆ. ಬಹಳ ಹೊತ್ತಿನ ಮೇಲೆ ಡ್ರೈವರು ಬಂದರು. ಕೈಯಲ್ಲಿ ಸ್ಟೂಲೂ ಇಲ್ಲ, ಫ್ಲಾಸ್ಕೂ ಇಲ್ಲ.

"ಎಲ್ಲಿ ನಿಮ್ಮ ಸಾಮಾನು?"

"ಇವತ್ತು ಯಾರೂ ಬರಲ್ಲ ಮೇಷ್ಟ್ರೇ. ಹೇಳಿ ಹೋಗೋಣ ಅಂತ ಬಂದೆ. ಹೇಳದೆ ಇದ್ರೆ ನೀವು ಮಧ್ಯಾಹ್ನದವರೆಗೂ ಕಂಬದ ಹಾಗೆ ಇಲ್ಲೇ ನಿಂತಿರ್ತೀರಿ."

"ಯಾಕೆ? ಎಲ್ಲರಿಗೂ ಒಟ್ಟಿಗೆ ಜ್ವರ ಬಂತಾ?"

"ಆ ಬಾಗಿಲು ನಮ್ಮ ನರ್ಸಮ್ಮನ ಮನೇದು." ಡ್ರೈವರು ಸೇತುವೆಯ ಕಟ್ಟೆಗೆ ಒರಗಿದರು. "ಹುಟ್ಟಿ ಬೆಳೆದದ್ದು ಅಲ್ಲಿ. ಅವಳ ತಾಯಿ ಗಿರಣೀಲಿ ಕೆಲಸ ಮಾಡ್ತಿದ್ರು. ಹೋದ ವರ್ಷ ತೀರಿಕೊಂಡ್ರು. ನೀವು ಒರೆಸಿದ್ದು ಅವರನ್ನ."

ಕಾಲುವೆಯಲ್ಲಿ ನೀರು ಕಡಿಮೆ ಇತ್ತು. ನಾನು ಅದನ್ನೇ ನೋಡಿದೆ.

"ನನಗೆ ಹೇಳಬೇಕಿತ್ತು," ಅಂದೆ.

"ಯಾವಾಗ ಹೇಳೋದು? ಜನ ಬಾಯಿ ತೆಗೆಯೋಷ್ಟರಲ್ಲಿ ನೀವು ಸ್ಪಂಜು ತೆಗೀತೀರಿ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ."

"ನಿಯಮ ನಿಯಮಾನೇ ಡ್ರೈವರಣ್ಣ. ಒಬ್ಬರಿಗೆ ಒಂದು ಮಾಡೋಕಾಗಲ್ಲ."

"ನಾನೂ ನಿಯಮ ಪಾಲಿಸಿದವನೇ ಮೇಷ್ಟ್ರೇ, ಬಸ್ಸು ಓಡಿಸಿದವನು. ಆದರೆ ಓಡಿ ಬರೋರನ್ನ ಕನ್ನಡೀಲಿ ಕಂಡ್ರೆ ಬ್ರೇಕು ಹಾಕ್ತಿದ್ದೆ." ಅವರು ಕಟ್ಟೆಯಿಂದ ಎದ್ದರು. "ನಿಮ್ಮ ಗಾಡೀಲಿ ಕನ್ನಡೀನೇ ಇಲ್ಲ."

"ನೀವೂ ಬರಲ್ವಾ ಹಾಗಾದ್ರೆ?"

"ನೋಡೋಣ," ಅಂದರು. ದೊಡ್ಡವರು 'ನೋಡೋಣ' ಅಂದರೆ ಬರುವುದಿಲ್ಲ ಎಂದೇ ಅರ್ಥ. ಅವರು ಸೇತುವೆ ಇಳಿದು ಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ, ಅವರು ಹೇಳಿದ ಕಂಬದ ಹಾಗೆಯೇ.

ಮನೆಗೆ ಹೋದರೆ ಅಕ್ಕ ಕೇಳುತ್ತಾಳೆ. ಹೊಲದ ಬದುವಿನಲ್ಲಿ ಒಬ್ಬನೇ ಕೂತು ಒಂದು ಬೇಲಿ ಬರೆದೆ. ಬೇಲಿ ಬೇಲಿಯ ಹಾಗೇ ಇತ್ತು, ಅಷ್ಟೆ. ಒಬ್ಬನೇ ಬರೆಯುವುದು ನನಗೆ ಹೊಸದೇನಲ್ಲ. ಆದರೂ ಬೈಯುವುದಕ್ಕೆ ಯಾರೂ ಇಲ್ಲದೆ ನನ್ನ ಗಂಟಲು ಅಷ್ಟು ಹೊತ್ತು ಸುಮ್ಮನಿದ್ದದ್ದು ಯಾವಾಗ ಎಂದು ನೆನಪಾಗಲಿಲ್ಲ. ಒಂದು ಸಲ "ಇಷ್ಟು ಹಸಿರು ಯಾಕೆ?" ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಬೇಲಿಯ ಮೇಲಿದ್ದ ಹಕ್ಕಿ ಹಾರಿಹೋಯಿತು.

"ಎಲ್ಲರೂ ಬಂದಿದ್ರಾ?" ಅಕ್ಕ ಮಿಷನ್ನಿನಿಂದ ತಲೆಯೆತ್ತದೆ ಕೇಳಿದಳು.

"ಬಂದಿದ್ರು," ಅಂದೆ.

ಅದರ ಮುಂದಿನ ವಾರವೂ ಬಂದಿದ್ರು ಅಂದೆ. ಆಗ ಅಕ್ಕ ಪೆಡಲು ತುಳಿಯುವುದನ್ನು ನಿಲ್ಲಿಸಿದಳು.

"ನಿನ್ನ ಕ್ಲಾಸಿನ ಹೆಂಗಸು ಇವತ್ತು ಬೆಳಗ್ಗೆ ಅಳತೆ ಕೊಡೋಕೆ ಬಂದಿದ್ಳು ಕಣೋ. ಅದೇ, ಗೋಡೆಗೆಲ್ಲ ಹಳದಿ ಹಚ್ತಾಳೆ ಅಂತ ಬೈತಿದ್ದೆಯಲ್ಲ, ಅವಳು. ಅಲ್ಲಿ ನಿನ್ನ ಮುಂದೆ ಕೂತಿದ್ದವಳು ಇಲ್ಲಿ ನನ್ನ ಮುಂದೆ ಕೈ ಎತ್ಕೊಂಡು ಹೇಗೋ ನಿಂತಿದ್ಳು?"

ನಾನು ನನ್ನ ಕೋಣೆಗೆ ಹೋದೆ. ಅಕ್ಕ ಬಿಡಲಿಲ್ಲ, ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಹಿಂದೆ ಬಂದಳು. ಎಲ್ಲವನ್ನೂ ಹೇಳಿಸಿದಳು. ಹೇಳಿ ಮುಗಿಸಿದ ಮೇಲೆ ಕೇಳಿದಳು: "ಆ ಚಿತ್ರ ಎಲ್ಲಿ?"

ಹಲಗೆ ಮಂಚದ ಕೆಳಗಿತ್ತು. ಕಾಗದ ಹಿಡಿದಿದ್ದ ಅಂಟು ಟೇಪು ಕಿತ್ತಿರಲಿಲ್ಲ. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಗೆ ದಾರ ಪೋಣಿಸುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಕೋಪದಲ್ಲಿ ಕೊಯ್ದ ಮೂಗು ಕಣೋ ಇದು. ಶಾಂತವಾದ ಮೇಲೆ ಬರುತ್ತಾ?" ಅಂದಳು. "ನೀನೇ ತಿದ್ದಿ ಕೊಡೋಕಾಗಲ್ವಾ?"

ಅದನ್ನು ನಾನು ಯೋಚಿಸದೇ ಇರಲಿಲ್ಲ. ಎರಡು ಸಲ ಬ್ರಷ್ಷು ಒದ್ದೆ ಮಾಡಿಕೊಂಡು ಆ ಹಲಗೆಯ ಮುಂದೆ ಕೂತಿದ್ದೆ. ಆದರೆ ನಾನು ಆ ತಾಯಿಯನ್ನು ಕಂಡವನಲ್ಲ. ಒರೆಸುವ ಮುಂಚೆ ಚಿತ್ರದಲ್ಲಿದ್ದವರನ್ನೂ ಸರಿಯಾಗಿ ನೋಡಿರಲಿಲ್ಲ. ಕಣ್ಣಿಟ್ಟು ನೋಡಿ ಎಂದು ಊರಿಗೆಲ್ಲ ಪಾಠ ಹೇಳುವವನು, ಒರೆಸುವ ಮೊದಲು ಒಂದು ಗಳಿಗೆ ನೋಡಲಿಲ್ಲ. ತಲೆ ಯಾವ ಕಡೆ ವಾಲಿತ್ತು? ಕೈ ಎಲ್ಲಿತ್ತು? ಏನೂ ನೆನಪಿರಲಿಲ್ಲ.

"ಆಗಲ್ಲ," ಅಂದೆ.

"ಹಾಗಾದ್ರೆ ಹೋಗಿ ಹಾಗೇ ಕೊಟ್ಟು ಬಾ. ಅವಳ ವಸ್ತು ನಿನ್ನ ಮಂಚದ ಕೆಳಗೆ ಯಾಕಿರಬೇಕು? ಕೊಡೋವಾಗ ಪಾಠ ಮಾಡಬೇಡ."

ಆಸ್ಪತ್ರೆಗೆ ಹೋಗುವ ಮುಂಚೆ ಸಾಲುಮನೆಯ ಕಡೆ ಹೋದೆ. ಅವಳ ಮನೆಯ ಬಾಗಿಲನ್ನಾದರೂ ಸರಿಯಾಗಿ ನೋಡಿಕೊಂಡು ಹೋಗೋಣ ಎಂದು. ಅಲ್ಲಿ ಬುಲ್ಡೋಜರು ನಿಂತಿತ್ತು. ಸಾಲು ಪೂರ್ತಿ ಮಲಗಿತ್ತು. ಇಟ್ಟಿಗೆ, ಮುರಿದ ಹಂಚು, ಬಾಗಿದ ಕಿಟಕಿ ಸರಳು. ಯಾವುದು ಮೂರನೆಯ ಮನೆ ಎಂದು ಹೇಳುವ ಹಾಗಿರಲಿಲ್ಲ. ಬಾಗಿಲುಗಳನ್ನು ಮಾತ್ರ ಒಂದರ ಮೇಲೊಂದು ಅಂದವಾಗಿ ಪೇರಿಸಿದ್ದರು, ಮರಕ್ಕೆ ಬೆಲೆ ಇದೆಯಲ್ಲ.

ಈಗ ಆ ಮನೆ ಉಳಿದಿದ್ದದ್ದು ನನ್ನ ಕಂಕುಳಲ್ಲಿದ್ದ ಕಾಗದದ ಮೇಲೆ ಮಾತ್ರ.

ದೊಡ್ಡಾಸ್ಪತ್ರೆಯಲ್ಲಿ ಅವಳ ವಾರ್ಡು ಹುಡುಕುವುದೇ ಒಂದು ಕೆಲಸವಾಯಿತು. ಉದ್ದದ ಹಜಾರ, ಎರಡೂ ಕಡೆ ಬಾಗಿಲು, ಕೊನೆಯಲ್ಲಿ ಒಂದು ದೊಡ್ಡ ಕಿಟಕಿ. ಬೆಂಚಿನ ಮೇಲೆ ಕಾಯುತ್ತ ಕೂತಿದ್ದವರು ನನ್ನ ಹಲಗೆಯನ್ನು ನೋಡಿ ಸರಿದು ಜಾಗ ಕೊಟ್ಟರು. ಎಲ್ಲರೂ ಅವಳನ್ನು "ಸಿಸ್ಟರ್, ಸಿಸ್ಟರ್" ಎಂದು ಕರೆಯುತ್ತಿದ್ದರು. ಅವಳು ಒಬ್ಬರಿಗೆ ಗದರಿ, ಒಬ್ಬರ ಭುಜ ಮುಟ್ಟಿ, ಓಡಾಡುತ್ತಿದ್ದಳು. ಬಯಲಿನಲ್ಲಿ ಬಾಯಿಯೇ ಬಿಡದವಳು ಇಲ್ಲಿ ಇಷ್ಟು ಮಾತಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ನನ್ನನ್ನು ಕಂಡು ನಿಂತಳು. "ಯಾರಿಗೆ ಹುಷಾರಿಲ್ಲ ಮೇಷ್ಟ್ರೇ?"

"ಯಾರಿಗೂ ಏನೂ ಆಗಿಲ್ಲ. ಇದನ್ನ ಕೊಡೋಕೆ ಬಂದೆ... ಸಿಸ್ಟರ್." ಆ ಮಾತು ತಾನಾಗಿ ಬಾಯಿಗೆ ಬಂತು.

ಅವಳು ಹಲಗೆ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. ಒರೆಸಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು.

"ಆಮೇಲೆ ನೀವು ಮುಟ್ಟಿಲ್ವಾ?"

"ಮುಟ್ಟಿಲ್ಲ."

"ಆಶ್ಚರ್ಯ," ಅಂದಳು. ವ್ಯಂಗ್ಯವೋ ನಿಜವೋ ಗೊತ್ತಾಗಲಿಲ್ಲ.

"ಸಾಲುಮನೆ ಕೆಡವಿದ್ರು," ಅಂದೆ.

"ಗೊತ್ತು."

ಅವಳೇ ಮಾತಾಡಿದಳು, ಹಲಗೆಯನ್ನು ನೋಡಿಕೊಂಡೇ. "ನಾನು ಬೇಕು ಅಂತ ಬರೆದದ್ದಲ್ಲ ಮೇಷ್ಟ್ರೇ. ಬಾಗಿಲ ಒಳಗಿನ ಕತ್ತಲೆ ಹಾಕ್ತಿದ್ದೆ. ಬ್ರಷ್ಷು ತಾನಾಗೇ ಅಲ್ಲಿ ತಡೀತು. ನೋಡಿದ್ರೆ ಅಮ್ಮ. ನಾನು ಶಾಲೆ ಬಿಟ್ಟು ಬರೋವಾಗ ಹಾಗೇ ನಿಂತಿರೋರು. ಆಮೇಲೆ ಮನೇಲಿ ಕೂತು ಎಷ್ಟು ಕಾಗದ ಹಾಳು ಮಾಡ್ದೆ ಗೊತ್ತಾ? ಬರಲ್ಲ. ಪ್ರತಿ ಸಲ ಬೇರೆ ಯಾರೋ ಬಂದು ನಿಲ್ತಾರೆ."

ಒಳಗಿಂದ ಯಾರೋ ಕೆಮ್ಮಿದರು. ಅವಳು ಆ ಕಡೆ ಕಿವಿ ಕೊಟ್ಟು, ಏನೂ ಇಲ್ಲವೆಂದು ಖಚಿತವಾದ ಮೇಲೆ ಹಲಗೆಯನ್ನು ನನ್ನ ಕಡೆ ಚಾಚಿದಳು.

"ನೀವು ಬರೀರಿ."

"ನಾನಾ?"

"ನೀವೇ ತಾನೇ ತೆಗೆದದ್ದು? ನೀವೇ ಇಡಿ."

"ಅದು ಹೇಗಾಗುತ್ತೆ? ನಾನು ನಿಮ್ಮಮ್ಮನನ್ನ ನೋಡಿಲ್ಲ. ನೋಡದ್ದನ್ನ ನಾನು ಬರೆಯಲ್ಲ." ದನಿ ಏರಿತು. ಬೆಂಚಿನ ಮೇಲಿದ್ದವರು ತಿರುಗಿದರು. ಅಲ್ಲಿಯೂ, ಆ ಹೊತ್ತಿನಲ್ಲಿಯೂ ನನ್ನ ಬಾಯಿ ಹಾಗೆಯೇ ಇತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ.

ಅವಳಿಗೆ ಸಿಟ್ಟು ಬರಲಿಲ್ಲ. ಸ್ವಲ್ಪ ನಕ್ಕಳೇನೋ. "ಹಾಗಾದ್ರೆ ನೋಡಿ," ಎಂದು, ಪಕ್ಕದ ದಾಸ್ತಾನು ಕೋಣೆಯ ಬಾಗಿಲು ತೆರೆದು ಚೌಕಟ್ಟಿಗೆ ಒರಗಿ ನಿಂತಳು. ಒಳಗೆ ದೀಪವಿರಲಿಲ್ಲ, ಬೆಡ್‌ಶೀಟಿನ ಕಟ್ಟುಗಳು ಮಬ್ಬಾಗಿ ಕಂಡವು.

ಕಿಟಕಿಯ ಬೆಳಕು ಅವಳ ಮೇಲೆ ಬಲಗಡೆಯಿಂದ ಬಿತ್ತು. ಚಿತ್ರದಲ್ಲಿ ಬಿಸಿಲು ಎಡಗಡೆಯದು.

"ಅಲ್ಲಿ ಬೇಡ. ಎದುರಿನ ಬಾಗಿಲಿಗೆ ಬನ್ನಿ. ಬೆಳಕು ತಿರುಗಾಮುರುಗಾ ಆಗುತ್ತೆ."

ಅವಳು ಹಜಾರ ದಾಟಿ ಎದುರಿನ ಬಾಗಿಲಿಗೆ ಬಂದಳು. ಬಣ್ಣದ ಸಣ್ಣ ಪೆಟ್ಟಿಗೆ, ಒಂದು ಬ್ರಷ್ಷು ಯಾವಾಗಲೂ ನನ್ನ ಜೇಬಿನಲ್ಲಿರುತ್ತದೆ. ನೀರಿಗೆ ಅವಳು ಔಷಧಿ ಅಳೆಯುವ ಪುಟ್ಟ ಲೋಟ ಕೊಟ್ಟಳು. ನಾನು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಹಲಗೆಯನ್ನು ಮೊಣಕಾಲ ಮೇಲಿಟ್ಟುಕೊಂಡೆ.

"ಹೇಗೆ ನಿಲ್ತಿದ್ರು?"

"ಹೀಗೆ." ಅವಳು ಒಂದು ಭುಜವನ್ನು ಚೌಕಟ್ಟಿಗೆ ಕೊಟ್ಟಳು. "ದಿನಪೂರ್ತಿ ಮಗ್ಗದ ಮುಂದೆ ನಿಂತು ಕಾಲು ನೋಯೋದು ಅವರಿಗೆ. ಅದಕ್ಕೇ ಒಂದು ಪಾದದ ಮೇಲೆ ಇನ್ನೊಂದು ಪಾದ ಇಡೋರು." ಚಪ್ಪಲಿಯಿಂದ ಒಂದು ಪಾದ ಹೊರತೆಗೆದು ಇನ್ನೊಂದರ ಮೇಲಿಟ್ಟಳು. ಅವಳ ಪಾದವೂ ಊದಿತ್ತು. "ಕೈ ಹಣೆ ಮೇಲೆ. ಸಂಜೆ ಬಿಸಿಲು ಓರೆಯಾಗಿ ಕಣ್ಣಿಗೆ ಬೀಳ್ತಿತ್ತಲ್ಲ, ನಾನು ದಂಡೆ ಮೇಲೆ ಬರೋದು ಕಾಣಬೇಕಲ್ಲ."

ಕೈ ಹಣೆಗೆ ಹೋಯಿತು. ತಲೆ ಸ್ವಲ್ಪ ಮುಂದೆ ಬಾಗಿತು. ಆಮೇಲೆ ಅವಳು ಹಜಾರದ ಆ ತುದಿಯತ್ತ ನೋಡಿದಳು, ಯಾರೋ ಬರಬೇಕಾಗಿದೆ ಎನ್ನುವ ಹಾಗೆ.

ನಾನು ನೋಡಿದೆ. ಬಯಲಿನಲ್ಲಿ ನೋಡುವ ಹಾಗೆ, ಬ್ರಷ್ಷು ಮುಟ್ಟದೆ. ಕೆಲಸದ ಅವಸರ ಅವಳ ಮೈಯಿಂದ ಇಳಿದು ಹೋಗಿತ್ತು. ನಿಂತಲ್ಲೇ ಅವಳು ಗಿಡ್ಡಗಾದ ಹಾಗಿತ್ತು, ಸೊಂಟದ ಹತ್ತಿರ ಭಾರವಾದ ಹಾಗಿತ್ತು. ಆ ನಿಲುವು ಅವಳದಲ್ಲ. ಅವಳು ಚಿಕ್ಕಂದಿನಲ್ಲಿ ದಂಡೆಯ ಮೇಲೆ ನಡೆದು ಬರುತ್ತ ದಿನವೂ ಕಂಡದ್ದು. ಅವಳ ಕೈಯ ಬ್ರಷ್ಷಿಗೆ ಸಿಗದಿದ್ದದ್ದು ಅವಳ ಮೈಗೆ ನೆನಪಿತ್ತು.

ಸಾಮಾನು ತಳ್ಳಿಕೊಂಡು ಬಂದ ಆಸ್ಪತ್ರೆಯ ಆಳೊಬ್ಬ, "ಏನ್ ಸಿಸ್ಟರ್, ಫೋಟೋನಾ?" ಅಂದ.

"ಸುಮ್ನೆ ಹೋಗಯ್ಯ," ಅಂದೆವು ನಾವಿಬ್ಬರೂ ಒಟ್ಟಿಗೆ.

ಮೊದಲು ನೆರಳು. ಚೌಕಟ್ಟಿನ ಪಕ್ಕಕ್ಕೆ ಒಂದು ಓರೆ ಗೆರೆ. ಆಮೇಲೆ ಬಾಗಿದ ತಲೆಯೂ ಎತ್ತಿದ ಮೊಣಕೈಯೂ ಒಂದೇ ಬೀಸಿನಲ್ಲಿ. ಮೈ ಒಂದು ಬೀಸು. ಪಾದಗಳಿಗೆ ಬ್ರಷ್ಷಿನ ತುದಿ ಮುಟ್ಟಿಸಿ ಎತ್ತಿದೆ. ಮುಖ ಬರೆಯಲಿಲ್ಲ, ಅಷ್ಟು ದೂರದಿಂದ ಮುಖ ಕಾಣುವುದಿಲ್ಲ. ಒರೆಸಿದ ಮಾಸಲು ಬೆಳಕು ಹಿಂದೆ ಉಳಿಯಿತು. ಅದನ್ನು ಮುಚ್ಚಲಿಲ್ಲ.

ಅವಳು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ನೋಡಿದಳು.

"ಕುತ್ತಿಗೆ ಸ್ವಲ್ಪ ಉದ್ದ ಆಯ್ತು," ಅಂದಳು.

ನಾನು ಸ್ಪಂಜು ತೆಗೆದು ಅವಳ ಮುಂದೆ ಹಿಡಿದೆ. ಬೇಕಾದರೆ ತೆಗೀರಿ, ನಿಮ್ಮ ಕೈಯಾರೆ ತೆಗೀರಿ ಎಂದು. ಬಾಯಲ್ಲಿ ಹೇಳಲಿಲ್ಲ. ಹೇಳಬೇಕಾದ ಬೇರೆ ಮಾತೂ ಒಂದಿತ್ತು, ಅದನ್ನೂ ಹೇಳಲಿಲ್ಲ. ಆ ಮಾತು ನನಗೆ ಬೋರ್ಡಿನ ಮೇಲೆ ಬರೆಯಲು ಬರುತ್ತದೆ, ಬಾಯಲ್ಲಿ ಬರುವುದಿಲ್ಲ.

ಅವಳು ಸ್ಪಂಜನ್ನು ತೆಗೆದುಕೊಂಡಳು. ಅಂಗೈಯಲ್ಲಿಟ್ಟು ಒತ್ತಿ ನೋಡಿದಳು. ವರ್ಷಗಳ ಬಣ್ಣ ಕುಡಿದು ಅದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಇರ್ಲಿ ಬಿಡಿ. ಅಮ್ಮನ ಕುತ್ತಿಗೆ ಇಷ್ಟೇ ಉದ್ದ ಇತ್ತು ಅಂದ್ಕೋತೀನಿ," ಎಂದು ಸ್ಪಂಜನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. "ಇದು ಮಾತ್ರ ನನ್ನ ಹತ್ರ ಇರುತ್ತೆ."

ಒಳಗೆ ಗಂಟೆ ಹೊಡೆಯಿತು. ಅವಳು ಎದ್ದಳು, ಚಪ್ಪಲಿಗೆ ಪಾದ ಸೇರಿಸಿದಳು, ಮತ್ತೆ ಎತ್ತರವಾದಳು. ನಾನು ಟೇಪು ಕಿತ್ತು, ಹಲಗೆಯಿಂದ ಕಾಗದ ಬಿಡಿಸಿ ಅವಳಿಗೆ ಕೊಟ್ಟೆ.

"ಭಾನುವಾರ ಬರ್ತೀರಾ?" ಕೇಳಿದೆ.

"ಭಾನುವಾರಕ್ಕೆ ಹಗಲು ಡ್ಯೂಟಿ ಹಾಕಿಸ್ಕೊಂಡಿದ್ದೀನಿ ಮೇಷ್ಟ್ರೇ." ಹಾಕಿದ್ದಾರೆ ಅನ್ನಲಿಲ್ಲ, ಹಾಕಿಸಿಕೊಂಡಿದ್ದೀನಿ ಅಂದಳು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆ ತಾಗದ ಹಾಗೆ, ವಾರ್ಡಿನ ಒಳಗೆ ಹೋದಳು.

ಭಾನುವಾರ ಸೇತುವೆಯ ಮೇಲೆ ಕಾದೆ. ಬಹಳ ಹೊತ್ತೇನಲ್ಲ. ಆಮೇಲೆ ಒಬ್ಬನೇ ಸಾಲುಮನೆಯ ಜಾಗಕ್ಕೆ ನಡೆದೆ. ಇಟ್ಟಿಗೆಗಳನ್ನೂ ಸಾಗಿಸಿಬಿಟ್ಟಿದ್ದರು. ನೆಲವನ್ನು ಮಟ್ಟ ಮಾಡಿದ್ದರು. ದಂಡೆಯಿಂದ ಹಿಡಿದು ಗಿರಣಿಯ ಹಳೆ ಕಾಂಪೌಂಡಿನವರೆಗೆ ಬರೀ ಕೆಂಪು ಮಣ್ಣು, ಅದರ ಮೇಲೆ ಚಕ್ರದ ಗುರುತು. ನರ್ಸು ಕೂತಿದ್ದ ಜಾಗ ಮಾತ್ರ ಗುರುತು ಸಿಕ್ಕಿತು. ಅವಳು ಹಲಗೆ ಒರಗಿಸಿದ್ದ ಕಲ್ಲು ಅಲ್ಲೇ ಇತ್ತು. ಸ್ಟೂಲನ್ನು ಅದರ ಪಕ್ಕಕ್ಕೆ ಹಾಕಿಕೊಂಡೆ.

ನೋಡುತ್ತ ಕೂತೆ. ಬರೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಸೂರಿಲ್ಲ, ಗೋಡೆಯಿಲ್ಲ, ಒಂದು ಗಿಡವೂ ಇಲ್ಲ. ಬೇರೆ ಯಾರಾದರೂ ಅಂಥ ಜಾಗ ಆರಿಸಿಕೊಂಡಿದ್ದರೆ, "ಬರೀ ನೆಲ ಬರೆದು ಯಾರಿಗೆ ತೋರಿಸ್ತೀಯ?" ಎಂದು ಎಬ್ಬಿಸಿ ಕಳಿಸುತ್ತಿದ್ದೆ. ನೆರಳು ಗುರುತು ಮಾಡೋಣವೆಂದರೆ ನೆರಳು ಬೀಳಿಸುವ ವಸ್ತುವೇ ಆ ಬಯಲಲ್ಲಿ ಇರಲಿಲ್ಲ.

ಒಂದು ಮಾತ್ರ ಇತ್ತು. ಸೂರ್ಯ ಇನ್ನೂ ಎಡಭುಜದ ಹಿಂದೆ ತಗ್ಗಿನಲ್ಲೇ ಇದ್ದ. ನನ್ನ ಕಾಲಬುಡದಿಂದ ಹೊರಟು, ಕೆಂಪು ಮಣ್ಣಿನ ಮೇಲೆ ಮೈಚಾಚಿ, ನನ್ನದೇ ನೆರಳು ಬಿದ್ದಿತ್ತು. ಸ್ಟೂಲಿನ ಕಾಲು, ಬಗ್ಗಿದ ಬೆನ್ನು, ತಲೆ. ಬೆಳಗಿನ ನೆರಳು ಬಹಳ ಉದ್ದ. ಅದರ ತಲೆ ಹೆಚ್ಚುಕಡಿಮೆ ಮೂರನೆಯ ಬಾಗಿಲು ಇದ್ದಿರಬೇಕಾದ ಜಾಗದವರೆಗೂ ಹೋಗಿತ್ತು.

ಮನುಷ್ಯರು ಬೇಡ ಎಂದವನು ನಾನೇ. ಆದರೂ ಕಂಡದ್ದನ್ನು ಬಿಡುವುದು ಹೇಗೆ? ಬ್ರಷ್ಷು ಒದ್ದೆ ಮಾಡಿಕೊಂಡು ಅದನ್ನೇ ಮೊದಲು ಬರೆದೆ, ಒಂದೇ ಬೀಸಿಗೆ, ಬುಡದಿಂದ ತುದಿಯವರೆಗೆ. ತಲೆ ಸೊಟ್ಟಗಾಯಿತು. ಕೈ ಅಭ್ಯಾಸದಿಂದ ಜೇಬಿಗೆ ಹೋಯಿತು. ಜೇಬು ಖಾಲಿ ಇತ್ತು.

ಆಮೇಲೆ ಮಣ್ಣಿಗೆ ಬಣ್ಣ ತುಂಬುತ್ತ ಹೋದೆ. ಬಿಸಿಲು ಏರಿದ ಹಾಗೆ ನೆಲದ ಮೇಲಿನ ನೆರಳು ಹಿಂದೆ ಸರಿಯುತ್ತ, ಚಿಕ್ಕದಾಗುತ್ತ, ಕೊನೆಗೆ ನನ್ನ ಕಾಲ ಕೆಳಗೇ ಬಂದು ಸೇರಿತು. ಕಾಗದದ ಮೇಲಿದ್ದದ್ದನ್ನು ನಾನು ಬದಲಿಸಲಿಲ್ಲ. ಅಲ್ಲಿ ಅದು ಇನ್ನೂ ಆ ಬಾಗಿಲಿನವರೆಗೆ ಹೋಗಿ ನಿಂತೇ ಇತ್ತು.